ಉಪ್ಪಿನ ಬಾಟಲಿಯಿಂದ ಶುರು ಮಾಡಿ: ಚೈನೀಸ್, ಥಾಯ್, ಜಪಾನೀಸ್ ಅಡುಗೆಗೆ ಮನೇಲೇ ರುಚಿ ಬರ್ಸೋದು

ಫ್ರೈಡ್ ರೈಸ್ ಮಾಡಕ್ಕೆ ಹೋದ್ರೆ ಸೋಯಾ ಸಾಸ್ ಹಾಕಿದ ಚಿತ್ರಾನ್ನ ಆಗುತ್ತೆ, ಥಾಯ್ ಕರಿ ಮಾಡಕ್ಕೆ ಹೋದ್ರೆ ತೆಂಗಿನಹಾಲಿನ ಸಾಗು ಆಗುತ್ತೆ, ಏನೋ ಒಂದು ಕಮ್ಮಿ ಆದಂಗಿದೆ ಅಂತ ತುಂಬಾ ಜನ ಹೇಳ್ತಾರೆ. ಆ ಕಮ್ಮಿ ಏನು ಅಂತ ಗೊತ್ತಾಗ್ದೇ ಇನ್ನೊಂದು ಸಾಸು, ಇನ್ನೊಂಚೂರು ಪೆಪ್ಪರು, ಕೊನೆಗೆ ಕೈ ತಡೀದೇ ಸ್ವಲ್ಪ ಗರಂ ಮಸಾಲಾನೂ ಬಿದ್ದು ಅದು ಯಾವ ದೇಶದ ಅಡುಗೆನೂ ಅಲ್ದೇ ಹೋಗುತ್ತೆ. ನನ್ನ ಪ್ರಕಾರ ಎಡವಟ್ಟಾಗೋದು ಉಪ್ಪಲ್ಲಿ. ನಮ್ಮಲ್ಲಿ ಉಪ್ಪು ಬರೀ ಉಪ್ಪು, ರುಚಿ ಬರೋದು ಹುರಿದ ಮಸಾಲೆ, ಹುಣಸೆಹಣ್ಣು, ಕಾಯಿ, ಒಗ್ಗರಣೆ ಇವುಗಳಿಂದ. ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ ಕಡೆ ಅರ್ಧ ರುಚಿ ಉಪ್ಪಿನ ಜೊತೆಗೇ ಒಳಗೆ ಬರುತ್ತೆ, ಯಾಕಂದ್ರೆ ಅಲ್ಲಿ ಉಪ್ಪು ಹಾಕೋದೇ ಹುದುಗಿಸಿದ ಯಾವುದೋ ಒಂದು ಪದಾರ್ಥದ ರೂಪದಲ್ಲಿ. ಸೋಯಾ ಸಾಸ್, ಫಿಶ್ ಸಾಸ್, ಮಿಸೊ (ಜಪಾನಿನ ಸೋಯಾ ಪೇಸ್ಟ್), ಸೀಗಡಿ ಪೇಸ್ಟ್, ಚೀನಾದ ಖಾರದ ಪೇಸ್ಟ್ ದೌಬಾನ್‌ಜಿಯಾಂಗ್, ಗೋಚುಜಾಂಗ್ (ಕೊರಿಯಾದ ಮೆಣಸಿನ ಪೇಸ್ಟ್), ಇವೆಲ್ಲಾ ಅಲ್ಲಿನ ಉಪ್ಪು ಅಂತಾನೇ ಅನ್ಕೊಳ್ಳಿ.

ಹಂಗಾಗಿ ಗ್ಯಾಸ್ ಹಚ್ಚೋಕೆ ಮುಂಚೆ ಒಂದೇ ಒಂದು ವಿಷ್ಯ ತೀರ್ಮಾನ ಮಾಡ್ಕೊಳ್ಳಿ, ಇವತ್ತು ಈ ಬಾಣಲೆಗೆ ಉಪ್ಪು ಯಾವ ಬಾಟಲಿಯಿಂದ ಬರ್ಬೇಕು? ಚೈನೀಸ್ ಆದ್ರೆ ಸೋಯಾ, ಥಾಯ್ ಆದ್ರೆ ಫಿಶ್ ಸಾಸ್, ಮಿಸೊ ಸೂಪ್ ಆದ್ರೆ ಮಿಸೊ. ಡಬ್ಬಿಯಲ್ಲಿರೋ ಪುಡಿ ಉಪ್ಪು ಕೊನೇಲಿ ಬೇಕಾದ್ರೆ ಮಾತ್ರ, ಅದೂ ಒಂದು ಚಿಟಿಕೆ. ಒಂದು ಟೇಬಲ್ ಸ್ಪೂನ್ ಲೈಟ್ ಸೋಯಾ ಸಾಸಲ್ಲಿ ಹತ್ತತ್ರ ಅರ್ಧ ಟೀ ಸ್ಪೂನ್ ಉಪ್ಪು ಇರುತ್ತೆ, ಫಿಶ್ ಸಾಸಲ್ಲಿ ಅದಕ್ಕಿಂತ ಜಾಸ್ತಿ. ಮೊದ್ಲೇ ಅಭ್ಯಾಸ ಬಲದಲ್ಲಿ ಒಂದು ಚಮಚ ಉಪ್ಪು ಉದುರಿಸ್ಬಿಟ್ರೆ ಆಮೇಲೆ ಸಾಸ್ ಹಾಕೋಕೆ ಜಾಗಾನೇ ಇರಲ್ಲ, ಉಪ್ಪಾಗುತ್ತೆ ಅಂತ ಹೆದ್ರಿ ಅರ್ಧ ಚಮಚ ಸಾಸ್ ಹಾಕ್ತೀರ, ರುಚಿ ಅಲ್ಲೇ ಹೋಯ್ತು.

ಬಾಟಲಿ ತಗೊಳ್ಳೋವಾಗ

ಸೋಯಾ ಸಾಸ್ ಬಾಟಲಿ ಮುಂದ್ಗಡೆ ಏನ್ ಬರ್ದಿದಾರೆ ಅನ್ನೋದು ಬಿಡಿ, ತಿರುಗಿಸಿ ಹಿಂದೆ ಓದಿ. ನೀರು, ಸೋಯಾ ಕಾಳು, ಗೋಧಿ, ಉಪ್ಪು, ಇಷ್ಟೇ ಇದ್ರೆ ಅಥವಾ ಇವೇ ಮೊದಲಿಗೆ ಇದ್ರೆ ಅದು ಹುದುಗಿಸಿ ಮಾಡಿದ್ದು. ಬೇಯಿಸಿದ ಸೋಯಾ ಕಾಳು, ಹುರಿದ ಗೋಧಿಗೆ ಕೋಜಿ ಅನ್ನೋ ಬೂಷ್ಟು ಹತ್ತಿಸಿ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಬಿಟ್ಟು ಹಿಂಡಿ ತೆಗೀತಾರೆ, ಆ ಟೈಮಲ್ಲಿ ಕಾಳಿನ ಪ್ರೊಟೀನ್ ಒಡೆದು ನಮ್ಗೆ ನಾಲಿಗೆ ಮೇಲೆ ಆ ತುಂಬಿದ ರುಚಿ ಬರುತ್ತಲ್ಲ ಅದು ಹುಟ್ಟುತ್ತೆ. ಅದರ ಬದಲು ಹೈಡ್ರೊಲೈಸ್ಡ್ ವೆಜಿಟೇಬಲ್ ಪ್ರೊಟೀನ್, ಕ್ಯಾರಮೆಲ್ ಕಲರ್ ಇವೇ ಮೊದ್ಲು ಇದ್ರೆ ಅದು ಆಸಿಡ್ ಹಾಕಿ ಕೆಲವೇ ದಿನದಲ್ಲಿ ಮಾಡಿರೋದು, ಉಪ್ಪು ಬಣ್ಣ ಎರಡೂ ಇರುತ್ತೆ, ಘಮ ಮಾತ್ರ ಇರಲ್ಲ. ಬೆಲೆ ವ್ಯತ್ಯಾಸ ಇದೆ ನಿಜ, ಆದ್ರೆ ಐದು ಥರ ಅಗ್ಗದ ಸಾಸ್ ತಗೊಳ್ಳೋ ದುಡ್ಡಲ್ಲಿ ಒಂದು ಒಳ್ಳೇ ಸೋಯಾ ಬರುತ್ತೆ.

ಲೈಟ್ ಮತ್ತೆ ಡಾರ್ಕ್ ಎರಡೂ ಬೇರೆ ಬೇರೆ ಕೆಲಸಕ್ಕೆ. ಉಪ್ಪು ಜಾಸ್ತಿ ಇರೋದು ಲೈಟಲ್ಲಿ, ರುಚಿಗೆ ಅದೇ. ಡಾರ್ಕ್ ಗಟ್ಟಿ, ಸ್ವಲ್ಪ ಸಿಹಿ, ಬಣ್ಣಕ್ಕೆ ಅಂತಾನೇ ಇರೋದು, ನಾಲ್ಕು ಜನರ ಅಡುಗೆಗೆ ಅರ್ಧ ಟೀ ಸ್ಪೂನ್ ಸಾಕು. ನಮ್ಮೂರಲ್ಲಿ ಎಲ್ಲಾ ಕಡೆ ಸುಲಭವಾಗಿ ಸಿಗೋದು ಡಾರ್ಕು, ಅದನ್ನೇ ಎರಡೆರಡು ಚಮಚ ಸುರಿಯೋದ್ರಿಂದಾನೇ ಮನೆ ಫ್ರೈಡ್ ರೈಸ್ ಕಪ್ಪಗೆ ಕಹಿಯಾಗಿ ಬರೋದು.

ಫಿಶ್ ಸಾಸ್ ಅಂದ್ರೆ ಆಂಚೊವಿ ಅನ್ನೋ ಸಣ್ಣ ಮೀನಿಗೆ ಉಪ್ಪು ಹಾಕಿ ದೊಡ್ಡ ತೊಟ್ಟಿಗಳಲ್ಲಿ ಒಂದು ವರ್ಷ, ಒಂದೂವರೆ ವರ್ಷ ಬಿಟ್ಟು ಇಳಿಸಿದ ರಸ. ಮುಚ್ಚಳ ತೆಗೆದ ತಕ್ಷಣ ಬರೋ ವಾಸನೆಗೆ ಗಾಬ್ರಿ ಆಗ್ಬೇಡಿ, ಒಣ ಮೀನು ಸುಟ್ಟು ತಿನ್ನೋ ಕರಾವಳಿ ಜನಕ್ಕೆ ಅದೇನು ದೊಡ್ಡ ವಿಷ್ಯ ಅಲ್ಲ ಬಿಡಿ. ಬಿಸಿ ತಾಗಿದ ಮೇಲೆ ಮೀನಿನ ವಾಸನೆ ಹಿಂದಕ್ಕೆ ಸರಿದು ರುಚಿ ಮಾತ್ರ ಉಳಿಯುತ್ತೆ. ಸಸ್ಯಾಹಾರಿಗಳು ಇದರ ಜಾಗಕ್ಕೆ ಲೈಟ್ ಸೋಯಾ ಜೊತೆ ಒಣ ಶಿಟಾಕೆ ಅಣಬೆ ನೆನೆಸಿದ ನೀರು ಸೇರಿಸ್ಕೊಳ್ಳಿ, ಅದೇ ರುಚಿ ಬರಲ್ಲ ಆದ್ರೆ ಆ ಆಳ ಬರುತ್ತೆ.

ಇನ್ನು ಟೇಸ್ಟಿಂಗ್ ಪೌಡರ್. 1908ರಲ್ಲಿ ಟೋಕಿಯೋದ ಇಂಪೀರಿಯಲ್ ಯೂನಿವರ್ಸಿಟಿಲಿ ಪ್ರೊಫೆಸರ್ ಆಗಿದ್ದ ಕಿಕುನಾಯೆ ಇಕೆಡಾ ಕೊಂಬು ಅನ್ನೋ ಸಮುದ್ರದ ಪಾಚಿಯಿಂದ ರುಚಿ ಕೊಡೋ ಗ್ಲುಟಮೇಟ್ ಅನ್ನೋ ಅಂಶ ಬೇರ್ಪಡಿಸಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ರು, ಮುಂದಿನ ವರ್ಷಾನೇ ಅದು ಅಜಿನೊಮೊಟೊ ಅಂತ ಮಾರ್ಕೆಟ್ಟಿಗೆ ಬಂತು. ಟೊಮೆಟೊ, ಅಣಬೆ, ಸೋಯಾ ಸಾಸ್ ಎಲ್ಲದ್ರಲ್ಲೂ ಇರೋ ಗ್ಲುಟಮೇಟೇ ಅದು. 1968ರಲ್ಲಿ ಅಮೆರಿಕದ ಒಂದು ಮೆಡಿಕಲ್ ಜರ್ನಲ್ಲಿಗೆ ಒಬ್ಬ ಡಾಕ್ಟ್ರು ಚೈನೀಸ್ ಹೋಟೆಲಲ್ಲಿ ಊಟ ಮಾಡಿದ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತೆ, ಎದೆ ಹೊಡ್ಕೊಳ್ಳುತ್ತೆ ಅಂತ ಪತ್ರ ಬರೆದ್ರು, ಅಲ್ಲಿಂದ ಶುರುವಾದ ಭಯ ಇನ್ನೂ ಹೋಗಿಲ್ಲ, ಅಮೆರಿಕದ ಎಫ್‌ಡಿಎ (ಆಹಾರ, ಔಷಧ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಅದನ್ನ ಸುರಕ್ಷಿತ ಅನ್ನೋ ಪಟ್ಟಿಯಲ್ಲೇ ಇಟ್ಟಿದ್ರೂ. ನಿಮಗೆ ಬೇಡ ಅನ್ಸಿದ್ರೆ ಬಿಡಿ, ಬಲವಂತ ಏನಿಲ್ಲ, ಒಳ್ಳೇ ಸೋಯಾ ಇದ್ರೆ ಅದಿಲ್ದೇನೂ ಆಗುತ್ತೆ. ಹಾಕೋದಾದ್ರೆ ನಾಲ್ಕು ಜನಕ್ಕೆ ಕಾಲು ಟೀ ಸ್ಪೂನ್ ಸಾಕು, ಜಾಸ್ತಿ ಆದ್ರೆ ನಾಲಿಗೆ ಮೇಲೆ ಒಂಥರಾ ಜಿಡ್ಡು ಉಳಿಯುತ್ತೆ.

ಕೆಂಪು ಬಣ್ಣ ಮಾತ್ರ ಖಂಡಿತ ಬೇಡ. 2024ರ ಮಾರ್ಚಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕ್ತಿದ್ದ ರೋಡಮಿನ್-ಬಿ ತರದ ಬಣ್ಣಗಳನ್ನ ಬ್ಯಾನ್ ಮಾಡ್ತಲ್ಲ, ಆ ಬಣ್ಣಕ್ಕೆ ರುಚಿ ಅನ್ನೋದೇ ಇಲ್ಲ. ಕೆಂಪಗೆ ಬೇಕಂದ್ರೆ ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ ರುಬ್ಬಿ ಎಣ್ಣೆಯಲ್ಲಿ ಹುರೀರಿ, ಬಣ್ಣಾನೂ ಬಂತು ಘಮಾನೂ ಬಂತು.

ಇದರ ಜೊತೆಗೆ ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಎಳ್ಳೆಣ್ಣೆಯ ಒಂದು ಸಣ್ಣ ಬಾಟಲಿ. ದೀಪಕ್ಕೆ, ಉಪ್ಪಿನಕಾಯಿಗೆ ತರೋ ಎಳ್ಳೆಣ್ಣೆ ಇಲ್ಲಿ ನಡೆಯಲ್ಲ. ಅದನ್ನ ಒಗ್ಗರಣೆಗೆ ಅಂತ ಕಾಯಿಸ್ಬೇಡಿ, ಉರಿ ಆರಿಸಿದ ಮೇಲೆ ಮೇಲಿಂದ ಅರ್ಧ ಚಮಚ ಅಷ್ಟೇ, ಕಾದ್ರೆ ಘಮ ಹೋಗಿ ಕಹಿ ಉಳಿಯುತ್ತೆ. ಬಿಳಿ ಮೆಣಸಿನ ಪುಡಿ ಇದ್ರೆ ತುಂಬಾ ಒಳ್ಳೇದು, ಚೈನೀಸ್ ಸೂಪು ರೈಸು ಎರಡಕ್ಕೂ ಕರಿಮೆಣಸಿಗಿಂತ ಅದರ ವಾಸನೆನೇ ಸರಿ ಹೊಂದೋದು.

ಅನ್ನ, ಉರಿ, ಬಾಣಲೆ

ಫ್ರೈಡ್ ರೈಸಿಗೆ ಹಿಂದಿನ ದಿನದ ಅನ್ನ ಅಂತ ಎಲ್ರೂ ಹೇಳ್ತಾರೆ, ಯಾಕೆ ಅಂತ ಗೊತ್ತಿದ್ರೆ ಅದೇ ದಿನದ ಅನ್ನದಲ್ಲೂ ಮಾಡ್ಬಹುದು. ತಣ್ಣಗಾದಾಗ ಅನ್ನದ ಪಿಷ್ಟ ಮತ್ತೆ ಗಟ್ಟಿಯಾಗುತ್ತೆ, ಮೇಲಿನ ತೇವ ಆರುತ್ತೆ, ಹಂಗಾಗಿ ಬಾಣಲೆಗೆ ಬಿದ್ದಾಗ ಅಗುಳು ಅಗುಳಾಗಿ ಹುರಿಯುತ್ತೆ, ಮುದ್ದೆ ಆಗಲ್ಲ. ಸೋನಾ ಮಸೂರಿ ಆದ್ರೆ ಮಾಮೂಲಿಗಿಂತ ಅರ್ಧ ಲೋಟ ನೀರು ಕಮ್ಮಿ ಇಟ್ಟು ಬೇಯಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗಿಟ್ಟು ಆರಿಸಿ, ಆಮೇಲೆ ಮುಚ್ಚದೇ ಫ್ರಿಜ್ಜಲ್ಲಿ ಒಂದೆರಡು ಗಂಟೆ ಇಡಿ, ಸಾಕು. ಬಾಸ್ಮತಿ ಬೇಕಂತೇನಿಲ್ಲ, ನನಗಂತೂ ಅದರ ವಾಸನೆ ಸೋಯಾ ಜೊತೆ ಜಗಳ ಆಡುತ್ತೆ ಅನ್ಸುತ್ತೆ. ರಾತ್ರಿಯಿಡೀ ಅಡುಗೆಮನೆ ಕಟ್ಟೆ ಮೇಲಿಟ್ಟ ಅನ್ನ ಮಾತ್ರ ಬೇಡ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದ್ರೂ ಸಾಯಲ್ಲ, ಹೊರಗೆ ಬೆಚ್ಚಗಿದ್ರೆ ಅವು ಬೆಳೆದು ವಿಷ ಬಿಡುತ್ತೆ, ಆ ವಿಷ ನೀವು ಎಷ್ಟೇ ಹುರಿದ್ರೂ ಹೋಗಲ್ಲ.

ಉರಿ ವಿಷ್ಯಕ್ಕೆ ಬಂದ್ರೆ, ಚೈನೀಸ್ ಹೋಟೆಲ್ ಒಲೆಯ ಉರಿ ನಮ್ಮ ಮನೆ ಬರ್ನರಿಗಿಂತ ಹಲವು ಪಟ್ಟು ಜಾಸ್ತಿ, ಆ ಹೊಗೆ ಘಮ ಅಲ್ಲಿಂದ ಬರೋದು. ಮನೇಲಿ ಉರಿ ಜಾಸ್ತಿ ಮಾಡಕ್ಕಾಗಲ್ಲ, ಹಂಗಾಗಿ ಬಾಣಲೆಗೆ ಹಾಕೋ ಸಾಮಾನು ಕಮ್ಮಿ ಮಾಡ್ಬೇಕು. ಇದೊಂದು ಪಾಲಿಸಿದ್ರೆ ನಿಮ್ಮ ಅರ್ಧ ಸಮಸ್ಯೆ ಮುಗೀತು. ಒಂದ್ಸಲಕ್ಕೆ ಇಬ್ಬರಿಗಾಗೋಷ್ಟೇ, ನಾಲ್ಕು ಜನ ಇದ್ರೆ ಎರಡು ಸಲ ಮಾಡಿ, ಒಟ್ಟಿಗೆ ಸುರಿದ್ರೆ ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಟ್ಕೊಂಡು ಪಲ್ಯ ಆಗುತ್ತೆ. ನಾನ್‌ಸ್ಟಿಕ್ ಅಷ್ಟು ಕಾಯಿಸೋ ಪಾತ್ರೆ ಅಲ್ಲ. ಅಜ್ಜಿ ಕಾಲದ ಕಬ್ಬಿಣದ ಬಾಣಲೆ ಅಟ್ಟದ ಮೇಲಿದ್ರೆ ಇಳಿಸಿ, ಇಲ್ಲಾಂದ್ರೆ ತಳ ಚಪ್ಪಟೆ ಇರೋ ಕಬ್ಬಿಣದ ವೋಕ್ ತಗೊಳ್ಳಿ. ಖಾಲಿ ಬಾಣಲೆ ಸಣ್ಣಗೆ ಹೊಗೆ ಬರೋ ತನಕ ಕಾಯ್ಬೇಕು, ಆಮೇಲೆ ಎಣ್ಣೆ.

ಇಬ್ಬರಿಗೆ ಒಂದು ಲೆಕ್ಕ ಹೇಳ್ತೀನಿ. ಮೂರು ಕಪ್ ಆರಿದ ಅನ್ನ ಕೈಯಲ್ಲೇ ಉದುರು ಮಾಡಿಟ್ಕೊಳ್ಳಿ. ಎರಡು ಟೇಬಲ್ ಸ್ಪೂನ್ ಎಣ್ಣೆ ಕಾದ ಮೇಲೆ ಒಡೆದು ಕಲಸಿದ ಎರಡು ಮೊಟ್ಟೆ ಸುರೀರಿ, ಉಬ್ಬುತ್ತೆ, ಪೂರ್ತಿ ಬೇಯೋಕೆ ಮುಂಚೆನೇ ಅನ್ನ ಹಾಕಿ, ಸೌಟಿನ ಹಿಂಭಾಗದಲ್ಲಿ ಗಂಟುಗಳನ್ನ ಒತ್ತಿ ಒಡೀತಾ ಎರಡು ಮೂರು ನಿಮಿಷ ತಿರುವಿ. ಅಗುಳು ಬಾಣಲೆ ಮೇಲೆ ಹಾರೋಕೆ ಶುರುವಾಗುತ್ತೆ, ಅಲ್ಲಿ ತನಕ ಸಾಸ್ ಬೇಡ. ಆಮೇಲೆ ಅನ್ನ ಒಂದ್ಕಡೆ ಸರಿಸಿ ನಾಲ್ಕೆಸಳು ಕೊಚ್ಚಿದ ಬೆಳ್ಳುಳ್ಳಿ, ಈರುಳ್ಳಿಹೂವಿನ ಬಿಳಿ ಭಾಗ ಹಾಕಿ ಘಮ್ ಅಂದ ಕೂಡ್ಲೇ ಎಲ್ಲಾ ಸೇರಿಸಿ. ಬೆಳ್ಳುಳ್ಳಿನ ಮೊದ್ಲೇ ಹಾಕಿದ್ರೆ ಆ ಉರಿಗೆ ಸೀದು ಕಹಿ ಆಗುತ್ತೆ. ಈಗ ಒಂದು ಟೇಬಲ್ ಸ್ಪೂನ್ ಲೈಟ್ ಸೋಯಾ, ಅದನ್ನ ಅನ್ನದ ಮೇಲೆ ಹಾಕ್ದೇ ಬಾಣಲೆಯ ಅಂಚಿನ ಸುತ್ತ ಸುರೀರಿ, ಕಾದ ಕಬ್ಬಿಣಕ್ಕೆ ತಾಗಿ ಚುಯ್ ಅಂತ ಸುಡುತ್ತಲ್ಲ, ಆ ವಾಸನೆಗೇ ಹೋಟೆಲ್ ನೆನಪಾಗೋದು. ಬಿಳಿ ಮೆಣಸಿನ ಪುಡಿ ಕಾಲು ಟೀ ಸ್ಪೂನ್, ಈರುಳ್ಳಿಹೂವಿನ ಹಸಿರು, ಉರಿ ಆರಿಸಿ ಮೇಲೆ ಎಳ್ಳೆಣ್ಣೆ. ತರಕಾರಿ ಹಾಕೋದಾದ್ರೆ ಕ್ಯಾರೆಟ್ಟು ಬೀನ್ಸು ಎಲ್ಲಾ ಸೇರಿ ಒಂದು ಕಪ್ ಮೀರಬಾರದು, ತೊಳೆದು ಬಟ್ಟೇಲಿ ಒರೆಸಿ, ಬೇರೆಯಾಗಿ ಒಂದು ನಿಮಿಷ ಹುರಿದು ತೆಗ್ದಿಟ್ಟು ಕೊನೇಲಿ ಸೇರಿಸಿ. ವಿನಿಗರ್, ಚಿಲ್ಲಿ ಸಾಸ್, ಟೊಮೆಟೊ ಕೆಚಪ್ ಒಂದೂ ಬೇಕಿಲ್ಲ ಇದಕ್ಕೆ. ನಮ್ಮ ಗಾಡಿ ಫ್ರೈಡ್ ರೈಸ್ ರುಚಿನೇ ಬೇಕು ಅನ್ನೋರಿಗೆ ಅದು ಬೇರೆ ದಾರಿ, ಅದನ್ನ ನಾನು ಕಮ್ಮಿ ಅಂತ ಹೇಳ್ತಿಲ್ಲ, ಸಂಜೆ ಏಳಕ್ಕೆ ರಸ್ತೆ ಬದಿ ನಿಂತು ತಿನ್ನೋಕೆ ಅದೇ ಸರಿ.

ಚಿಕನ್ ಹೋಟೆಲಲ್ಲಿ ಮೆತ್ತಗೆ ಜಾರೋ ಥರ ಇರುತ್ತೆ, ಮನೇಲಿ ನಾರುನಾರು ಆಗುತ್ತೆ ಅಂತಾರಲ್ಲ, ಅದಕ್ಕೂ ಉಪಾಯ ಇದೆ. ಕಾಲು ಕೆಜಿ ಬೋನ್‌ಲೆಸ್ ಚಿಕನ್ ನಾರಿಗೆ ಅಡ್ಡಡ್ಡವಾಗಿ ತೆಳ್ಳಗೆ ಕತ್ತರಿಸಿ, ಒಂದು ಟೇಬಲ್ ಸ್ಪೂನ್ ಲೈಟ್ ಸೋಯಾ, ಎರಡು ಟೇಬಲ್ ಸ್ಪೂನ್ ನೀರು ಹಾಕಿ ನೀರು ಹೀರ್ಕೊಳ್ಳೋ ತನಕ ಕೈಯಲ್ಲಿ ಕಲಸಿ, ಆಮೇಲೆ ಎರಡು ಟೀ ಸ್ಪೂನ್ ಕಾರ್ನ್‌ಫ್ಲೋರ್, ಒಂದು ಚಮಚ ಎಣ್ಣೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಕಾದ ಎಣ್ಣೆಯಲ್ಲಿ ಮುಕ್ಕಾಲು ಭಾಗ ಬೇಯಿಸಿ ತೆಗ್ದಿಡಿ, ತರಕಾರಿ ಆದ್ಮೇಲೆ ವಾಪಸ್ ಹಾಕಿ. ಗ್ರೇವಿಗೆ ಒಂದು ಟೀ ಸ್ಪೂನ್ ಕಾರ್ನ್‌ಫ್ಲೋರನ್ನ ಒಂದು ಟೇಬಲ್ ಸ್ಪೂನ್ ತಣ್ಣೀರಲ್ಲಿ ಕದಡಿ ಕುದಿಯೋವಾಗ ಹಾಕಿದ್ರೆ ಸಾಸ್ ತುಂಡುಗಳಿಗೆ ಅಂಟ್ಕೊಳ್ಳುತ್ತೆ, ಇಲ್ಲಾಂದ್ರೆ ರುಚಿ ಎಲ್ಲಾ ತಟ್ಟೆ ತಳದಲ್ಲಿ ನಿಂತಿರುತ್ತೆ.

ಗ್ರೀನ್ ಕರಿ, ಸ್ವಲ್ಪ ನಿಧಾನವಾಗಿ

ನನ್ ಕೇಳಿದ್ರೆ ನಮ್ಮವರಿಗೆ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಹತ್ಬೇಕಾದ್ದು ಥಾಯ್ ಅಡುಗೆ, ಯಾಕಂದ್ರೆ ಅರೆಯೋದು, ಕಾಯಿಹಾಲು ಹಿಂಡೋದು, ಬೆಲ್ಲ ಹಾಕೋದು ಎಲ್ಲಾ ನಮಗೆ ಗೊತ್ತಿರೋದೇ. ಗೊತ್ತಿಲ್ದೇ ಇರೋದು ಎರಡೇ, ಕಾಯಿಹಾಲನ್ನ ಮೊದ್ಲು ಒಡೆಸ್ಬೇಕು ಅನ್ನೋದು ಮತ್ತೆ ಒಗ್ಗರಣೆ ಹಾಕ್ಬಾರ್ದು ಅನ್ನೋದು.

ಮೊದ್ಲು ಅರೆಯೋ ಸಾಮಾನು. ಕೊತ್ತಂಬರಿ ಬೀಜ ಒಂದು ಟೀ ಸ್ಪೂನ್, ಜೀರಿಗೆ ಅರ್ಧ, ಬಿಳಿ ಮೆಣಸು ಅರ್ಧ, ಇದನ್ನ ಬೆಚ್ಚಗೆ ಹುರಿದು ಪುಡಿ ಮಾಡಿ. ಮಜ್ಜಿಗೆ ಹುಲ್ಲಿನ ಎರಡು ದಂಟು, ಎಲೆ ಭಾಗ ಬೇಡ (ಅದನ್ನ ಕಷಾಯಕ್ಕೆ ಇಟ್ಕೊಳ್ಳಿ), ಬುಡದ ಮೂರಿಂಚು ಬಿಳಿ ಭಾಗ ಮಾತ್ರ, ಎಷ್ಟು ತೆಳ್ಳಗೆ ಅಡ್ಡ ಕೊಯ್ಯಕ್ಕಾಗುತ್ತೋ ಅಷ್ಟು ತೆಳ್ಳಗೆ, ಇಲ್ಲಾಂದ್ರೆ ನಾರು ಬಾಯಿಗೆ ಸಿಗುತ್ತೆ. ಗಲಂಗಲ್ ಒಂದಿಂಚು, ಅದು ಶುಂಠಿ ಜಾತಿದೇ ಆದ್ರೂ ವಾಸನೆ ಬೇರೆ, ಸಿಗ್ಲಿಲ್ಲ ಅಂದ್ರೆ ಅರ್ಧದಷ್ಟು ಶುಂಠಿ ಹಾಕಿ. ಕೊತ್ತಂಬರಿ ಬೇರು ನಾಲ್ಕೈದು. ಇದು ನೋಡಿ ನಮಗೆ ಪುಕ್ಸಟ್ಟೆ ಸಿಗೋದು, ಮಾರ್ಕೆಟ್ಟಲ್ಲಿ ಕಟ್ಟು ಬರೋದೇ ಬೇರು ಸಮೇತ, ನಾವು ಕತ್ತರಿಸಿ ಕಸಕ್ಕೆ ಹಾಕ್ತೀವಿ, ಥಾಯ್ ಪೇಸ್ಟಿಗೆ ಅದೇ ಪ್ರಾಣ. ಚೆನ್ನಾಗಿ ಉಜ್ಜಿ ತೊಳೆದು ಫ್ರೀಜರಲ್ಲಿ ಕೂಡಿಡ್ತಾ ಹೋಗಿ. ಆಮೇಲೆ ಬೆಳ್ಳುಳ್ಳಿ ಆರೆಸಳು, ಸಾಂಬಾರ್ ಈರುಳ್ಳಿ ಐದಾರು, ಒಂದು ನಿಂಬೆಹಣ್ಣಿನ ಹಸಿರು ಸಿಪ್ಪೆ ಮಾತ್ರ ತುರಿದಿದ್ದು (ಬಿಳಿ ಭಾಗ ಸೇರಿದ್ರೆ ಕಹಿ), ಹಸಿಮೆಣಸಿನಕಾಯಿ ಹತ್ತರಿಂದ ಹನ್ನೆರಡು. ಥಾಯ್ಲೆಂಡಲ್ಲಿ ಹಾಕೋದು ನಮ್ಮ ಮಲೆನಾಡಿನ ಸೂಜಿಮೆಣಸಿನಂಥ ಪುಟ್ಟ ಖಾರದ ಮೆಣಸು, ಅದು ಸಿಕ್ಕಿದ್ರೆ ಅರ್ಧ ಅದು, ಅರ್ಧ ಖಾರ ಕಮ್ಮಿ ಇರೋ ಉದ್ದ ಹಸಿಮೆಣಸು ಸೇರಿಸಿ, ಖಾರ ಒಂದರಿಂದ ಬಂದ್ರೆ ಹಸಿರು ಇನ್ನೊಂದರಿಂದ. ಕೊನೇದಾಗಿ ಸೀಗಡಿ ಪೇಸ್ಟ್ ಒಂದು ಟೀ ಸ್ಪೂನ್. ಅದಿಲ್ಲ ಅಂದ್ರೆ ಒಣ ಸೀಗಡಿ ಒಂದು ಹಿಡಿ, ತಲೆ ಬಾಲ ತೆಗೆದು ಹುರಿದು ಪುಡಿ ಮಾಡಿ ಹಾಕಿ. ಸಸ್ಯಾಹಾರಿಗಳಿಗೆ ಮಿಸೊ ಎರಡು ಟೀ ಸ್ಪೂನ್.

ಒರಳು ಇದ್ರೆ ಗಟ್ಟಿ ಇರೋದು ಮೊದ್ಲು, ನೀರಿರೋದು ಆಮೇಲೆ, ಅಂದ್ರೆ ಮಜ್ಜಿಗೆ ಹುಲ್ಲು ಗಲಂಗಲ್ ಮೊದ್ಲು, ಈರುಳ್ಳಿ ಕೊನೇಲಿ, ಅರ್ಧ ಟೀ ಸ್ಪೂನ್ ಉಪ್ಪು ಹಾಕ್ಕೊಂಡು ಕುಟ್ಟಿದ್ರೆ ಜಾರಲ್ಲ. ಮಿಕ್ಸಿ ಆದ್ರೂ ಪರ್ವಾಗಿಲ್ಲ, ಆದ್ರೆ ನೀರಿನ ಬದಲು ಎರಡು ಚಮಚ ಕಾಯಿಹಾಲು ಹಾಕಿ ತಿರುಗಿಸಿ, ನೀರು ಜಾಸ್ತಿ ಆದ್ರೆ ಪೇಸ್ಟು ಹುರಿಯಲ್ಲ, ಬೇಯುತ್ತೆ ಅಷ್ಟೇ.

ಇನ್ನು ಕಾಯಿಹಾಲು. ಒಂದು ದೊಡ್ಡ ತೆಂಗಿನಕಾಯಿ ತುರಿದು ಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ರುಬ್ಬಿ ಹಿಂಡಿದ ಮೊದಲ ಹಾಲು ಒಂದು ಕಪ್ ಬೇರೆ ಇಡಿ, ಎರಡನೇ ಹಾಲು ಎರಡು ಕಪ್ ಬೇರೆ. ಪಾಯಸಕ್ಕೆ ನಾವು ಎರಡನೇ ಹಾಲು ಮೊದ್ಲು ಹಾಕಿ ಗಟ್ಟಿಹಾಲು ಕೊನೇಲಿ, ಒಡೆದು ಹೋಗ್ದೇ ಇರ್ಲಿ ಅಂತ ಉರಿ ಸಣ್ಣ ಮಾಡಿ ಹಾಕ್ತೀವಲ್ಲ, ಇಲ್ಲಿ ಪೂರ್ತಿ ಉಲ್ಟಾ, ಒಡೀಲೇಬೇಕು. ಗಟ್ಟಿಹಾಲನ್ನ ಬಾಣಲೆಗೆ ಹಾಕಿ ಮಧ್ಯಮ ಉರೀಲಿ ತಿರುವ್ತಾ ಇರಿ, ಮೊದ್ಲು ದೊಡ್ಡ ಗುಳ್ಳೆ ಬರುತ್ತೆ, ಆಮೇಲೆ ದಪ್ಪ ಆಗ್ತಾ ಗುಳ್ಳೆ ಸಣ್ಣದಾಗುತ್ತೆ, ನೀರಿನ ಸದ್ದು ಹೋಗಿ ಎಣ್ಣೆ ಹುರಿಯೋ ಸದ್ದು ಬರುತ್ತೆ, ಅಂಚಲ್ಲಿ ತಿಳಿ ಎಣ್ಣೆ ಕಾಣ್ಸುತ್ತೆ. ಆಗ ಮೂರರಿಂದ ನಾಲ್ಕು ಟೇಬಲ್ ಸ್ಪೂನ್ ಪೇಸ್ಟ್ ಹಾಕಿ ಆ ಎಣ್ಣೆಯಲ್ಲೇ ಐದು ನಿಮಿಷ ಹುರೀರಿ. ಹಸಿ ಬೆಳ್ಳುಳ್ಳಿ ವಾಸನೆ ಹೋಗಿ ಮೂಗಿಗೆ ಖಾರ ಹೊಡೆದು ಸೀನು ಬರೋ ಹಂತ ಬಂದ್ರೆ ಆಯ್ತು ಅಂತ. ಡಬ್ಬಿ ಅಥವಾ ಪ್ಯಾಕೆಟ್ ಕಾಯಿಹಾಲಲ್ಲಿ ಒಡೀದೇ ಇರೋ ಹಾಗೆ ಏನೇನೋ ಸೇರಿಸಿರ್ತಾರೆ, ಎಷ್ಟು ಕಾಯಿಸಿದ್ರೂ ಎಣ್ಣೆ ಬಿಡಲ್ಲ, ಅದಾದ್ರೆ ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಅದರಲ್ಲಿ ಪೇಸ್ಟ್ ಹುರಿದು ಹಾಲು ಆಮೇಲೆ ಹಾಕಿ.

ಮುಂದೆ ಎಲ್ಲಾ ಬೇಗ ಬೇಗ. 400 ಗ್ರಾಂ ಚಿಕನ್ ಅಥವಾ ತೋಫು (ಸೋಯಾ ಹಾಲಿನ ಪನ್ನೀರು) ಹಾಕಿ ಪೇಸ್ಟ್ ಮೆತ್ಕೊಳ್ಳೋ ಹಾಗೆ ತಿರುವಿ, ಎರಡನೇ ಹಾಲು ಸುರಿದು ಕುದಿಸಿ, ಹಸಿರು ಗುಂಡು ಬದನೆ ನಾಲ್ಕು ಸೀಳು ಮಾಡಿ ಹಾಕಿ. ಉಡುಪಿ ಕಡೆಯವರಿಗೆ ಮಟ್ಟು ಗುಳ್ಳ ಸಿಗುತ್ತಲ್ಲ, ಇದಕ್ಕೆ ಭಾಳ ಚೆನ್ನಾಗಿ ಹೊಂದುತ್ತೆ. ಬದನೆ ಬೆಂದ ಮೇಲೆ ಫಿಶ್ ಸಾಸ್ ಒಂದು ಟೇಬಲ್ ಸ್ಪೂನಿಂದ ಶುರು ಮಾಡಿ, ತಾಟಿಬೆಲ್ಲ ಎರಡು ಟೀ ಸ್ಪೂನ್. ಅವರು ಹಾಕೋ ಪಾಮ್ ಶುಗರ್ ತಾಳೆ ಮರದ್ದೋ ತೆಂಗಿನ ಮರದ್ದೋ ಇರುತ್ತೆ, ನಮ್ಮ ತಾಟಿಬೆಲ್ಲ, ದಕ್ಷಿಣ ಕನ್ನಡದ ಓಲೆಬೆಲ್ಲ ಅದೇ ಕುಲದ್ದು, ಬಿಳಿ ಸಕ್ಕರೆಗಿಂತ ಸಾವಿರ ಪಾಲು ವಾಸಿ. ಒಂದು ಚಮಚ ನೆಕ್ಕಿ ನೋಡಿ, ಮೊದ್ಲು ಉಪ್ಪು, ಆಮೇಲೆ ಖಾರ, ಹಿಂದೆ ಸಣ್ಣಗೆ ಸಿಹಿ ಬರ್ಬೇಕು, ಮಂಕಾಗಿದೆ ಅನ್ಸಿದ್ರೆ ಇನ್ನರ್ಧ ಚಮಚ ಫಿಶ್ ಸಾಸು, ಉಪ್ಪಿನ ಡಬ್ಬಿಗೆ ಕೈ ಹಾಕ್ಬೇಡಿ. ಕಾಫಿರ್ ಲೈಮ್ (ಒಂದು ಜಾತಿ ನಿಂಬೆ) ಎಲೆ ನಾಲ್ಕು, ನಡುವಿನ ನಾರು ಕಿತ್ತು ಹರಿದು ಹಾಕಿ, ಉರಿ ಆರಿಸಿದ ಮೇಲೆ ಥಾಯ್ ಬೇಸಿಲ್ ಒಂದು ಹಿಡಿ. ಥಾಯ್ ಬೇಸಿಲ್ ಸಿಗ್ದೇ ಇದ್ರೆ ಹಿತ್ತಲಲ್ಲಿ ಕಾಮಕಸ್ತೂರಿ ಇದೆಯಾ ನೋಡಿ, ಎರಡೂ ಒಂದೇ ಜಾತಿ ಗಿಡದ ತಳಿಗಳು, ಎಲೆ ಘಮ ಪೂರ್ತಿ ಒಂದೇ ಅಲ್ದಿದ್ರೂ ಹತ್ರ ಇದೆ. ಬೇಸಿಲ್ ಚಿಕನ್ ಅಂತ ಕರೆಯೋ ಪಾಡ್ ಕ್ರಪಾವ್‌ಗೆ ಹಾಕೋ ಸೊಪ್ಪಂತೂ ತುಳಸಿ ಜಾತಿದೇ, ಆದ್ರೆ ಕಟ್ಟೆ ಮೇಲಿನ ತುಳಸಿ ಕಿತ್ತು ಮಾಂಸದ ಜೊತೆ ಹಾಕಿ ಅಂತ ಹೇಳಿ ನಾನು ನಿಮ್ಮ ಅತ್ತೆ ಕೈಲಿ ಬೈಸ್ಕೊಳ್ಳಲ್ಲ.

ಸಾಸಿವೆ, ಕರಿಬೇವು, ಅರಿಶಿನ, ಟೊಮೆಟೊ ಯಾವುದೂ ಬೇಡ. ಕರಿ ತೆಳ್ಳಗೇ ಇರುತ್ತೆ, ಕುರ್ಮಾದಷ್ಟು ಗಟ್ಟಿ ಮಾಡೋಕೆ ಹೋಗ್ಬೇಡಿ. ರೆಡಿಮೇಡ್ ಪೇಸ್ಟ್ ತಂದ್ರೂ ತಪ್ಪೇನಿಲ್ಲ, ಹುರಿಯೋ ಕ್ರಮ ಇದೇ, ಅದರಲ್ಲೇ ಉಪ್ಪು ಜಾಸ್ತಿ ಇರೋದ್ರಿಂದ ಫಿಶ್ ಸಾಸ್ ಅರ್ಧಕ್ಕೆ ಇಳಿಸಿ.

ಮಾಪೊ ತೋಫು ಮತ್ತೆ ನಮ್ಮ ಜುಮ್ಮನಕಾಯಿ

ಮಾಪೊ ತೋಫು ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ಊರಿನ ಅಡುಗೆ, 19ನೇ ಶತಮಾನದಿಂದ ಇದೆ. ಇದಕ್ಕೆ ಉಪ್ಪು ದೌಬಾನ್‌ಜಿಯಾಂಗ್, ಅಂದ್ರೆ ಬ್ರಾಡ್ ಬೀನ್ಸ್ ಮತ್ತೆ ಕೆಂಪು ಮೆಣಸಿನಕಾಯಿ ಹುದುಗಿಸಿದ ಪೇಸ್ಟು, ಅಲ್ಲೇ ಪಕ್ಕದ ಪಿಷಿಯನ್‌ದು ಹೆಸರುವಾಸಿ. 400 ಗ್ರಾಂ ಮೆತ್ತನೆ ತೋಫು ಚೌಕ ಮಾಡಿ ಉಪ್ಪು ಹಾಕಿದ ಬಿಸಿನೀರಲ್ಲಿ ಐದು ನಿಮಿಷ ಬಿಡಿ, ಒಡೆಯಲ್ಲ. ಮೂರು ಚಮಚ ಎಣ್ಣೆಯಲ್ಲಿ 100 ಗ್ರಾಂ ಕೀಮಾ ಅಥವಾ ಕೊಚ್ಚಿದ ಅಣಬೆ ಗರಿಗರಿ ಹುರಿದು, ಉರಿ ಸಣ್ಣ ಮಾಡಿ ಎರಡು ಟೇಬಲ್ ಸ್ಪೂನ್ ಪೇಸ್ಟ್ ಹಾಕಿ ಎಣ್ಣೆ ಕೆಂಪಾಗೋ ತನಕ ಕಾಯಿರಿ, ಶುಂಠಿ ಬೆಳ್ಳುಳ್ಳಿ, ಒಂದು ಕಪ್ ನೀರು, ಒಂದು ಟೀ ಸ್ಪೂನ್ ಲೈಟ್ ಸೋಯಾ, ತೋಫು. ಕಾರ್ನ್‌ಫ್ಲೋರ್ ನೀರನ್ನ ಒಂದೇ ಸಲ ಸುರೀಬೇಡಿ, ಮೂರು ಸಲ ಮಾಡಿ ಹಾಕಿ. ಪನ್ನೀರಲ್ಲಿ ಮಾಡ್ಬಹುದಾ ಅಂತ ಕೇಳ್ತಾರೆ, ಬೇಡ, ಈ ಗ್ರೇವಿಗೆ ಮೆತ್ತಗೆ ಜಾರೋದೇ ಬೇಕು.

ಮೇಲೆ ಉದುರಿಸೋ ಸಿಚುವಾನ್ ಪೆಪ್ಪರ್ ನಾಲಿಗೆ ಜುಮ್ ಅನ್ಸೋದು ಸ್ಯಾನ್‌ಶೂಲ್ ಅನ್ನೋ ಅಂಶದಿಂದ. ಉತ್ತರ ಕನ್ನಡ, ಮಲೆನಾಡು ಕಡೆ ಸಿಗೋ ಜುಮ್ಮನಕಾಯಿ, ಕೊಂಕಣಿಯವರು ತೆಪ್ಪಳ ಅಂತ ಬಂಗುಡೆ ಸಾರಿಗೆ ಹಾಕ್ತಾರಲ್ಲ, ಅದೂ ಇದೇ ವಂಶದ್ದು. ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಬಿಸಿ ಬಾಣಲೇಲಿ ಒಂದು ನಿಮಿಷ ಹುರಿದು ಪುಡಿ ಮಾಡಿ ಕಾಲು ಟೀ ಸ್ಪೂನ್ ಉದುರಿಸಿ. ಘಮ ಸ್ವಲ್ಪ ಬೇರೆ, ಜುಮ್ಮು ಮಾತ್ರ ಅದೇ.

ದಾಶಿ, ಮಿಸೊ

ಜಪಾನಿನ ಅಡುಗೆಗೆ ತಳ ದಾಶಿ ಅನ್ನೋ ತಿಳಿ ಸ್ಟಾಕ್. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಅರ್ಧ ಗಂಟೆ ನೆನೆಸಿ, ಸಣ್ಣ ಉರೀಲಿ ಬಿಸಿ ಮಾಡಿ, ಕುದಿ ಬರೋಕೆ ಮುಂಚೆ ಕೊಂಬು ತೆಗೀರಿ, ಕುದ್ರೆ ಲೋಳೆ ಬಿಡುತ್ತೆ. ಮೀನು ತಿನ್ನೋರು ಈಗ ಕುದಿಸಿ ಉರಿ ಆರಿಸಿ ಎರಡು ಹಿಡಿ ಕತ್ಸುಒಬುಷಿ, ಅಂದ್ರೆ ಹೊಗೆ ಹಾಕಿ ಒಣಗಿಸಿದ ಮೀನಿನ ಹೆರೆದ ಚೂರು ಹಾಕಿ ಎರಡು ನಿಮಿಷಕ್ಕೆ ಸೋಸಿ. ತಿನ್ನದವರು ಕೊಂಬು ಜೊತೆ ನಾಲ್ಕು ಒಣ ಶಿಟಾಕೆ ರಾತ್ರಿಯಿಡೀ ಫ್ರಿಜ್ಜಲ್ಲಿ ತಣ್ಣೀರಲ್ಲೇ ನೆನೆಸಿ. ಕೊಂಬುವಿನ ಗ್ಲುಟಮೇಟ್ ಜೊತೆ ಮೀನಿನ ಇನೊಸಿನೇಟ್ ಅಥವಾ ಅಣಬೆಯ ಗ್ವಾನಿಲೇಟ್ ಸೇರಿದ್ರೆ ರುಚಿ ಎರಡನ್ನ ಕೂಡಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ, ಇದನ್ನ ಕಂಡ್ಕೊಂಡಿದ್ದು ಜಪಾನಿನ ವಿಜ್ಞಾನಿ ಅಕಿರಾ ಕುನಿನಾಕಾ. ಹಂಗಾಗಿ ಅಣಬೆ ನೆನೆಸಿದ ನೀರು ಯಾವತ್ತೂ ಚೆಲ್ಬೇಡಿ, ಸೋಯಾ ಹಾಕೋ ಯಾವ ಅಡುಗೆಗಾದ್ರೂ ಎರಡು ಚಮಚ ಹಾಕಿ ನೋಡಿ.

ಮಿಸೊ ಸೂಪಿಗೆ ಒಂದು ಕಪ್ ಬಿಸಿ ದಾಶಿಗೆ ಒಂದು ಟೇಬಲ್ ಸ್ಪೂನ್ ಮಿಸೊ, ಉರಿ ಆರಿಸಿದ ಮೇಲೆ ಚಹಾ ಸೋಸೋ ಜರಡೀಲಿ ಕರಗಿಸಿ. ಕುದಿಸಿದ್ರೆ ಘಮ ಹೋಗುತ್ತೆ. ತೋಫು, ಈರುಳ್ಳಿಹೂವು, ಅಷ್ಟೇ.

ಗೋಚುಜಾಂಗ್ ಬಗ್ಗೆ ಒಂದೇ ಮಾತು, ಅದನ್ನ ಚಟ್ನಿ ತರ ಹಾಗೇ ನಂಚ್ಕೊಳ್ಳೋ ಬದಲು ಸ್ವಲ್ಪ ಸೋಯಾ, ಬೆಲ್ಲ, ಬೆಳ್ಳುಳ್ಳಿ, ಎಳ್ಳೆಣ್ಣೆ ಜೊತೆ ಕಲಸಿ ಬಿಸಿ ಅನ್ನಕ್ಕೆ ಮೊಟ್ಟೆ ಜೊತೆ ತಿನ್ನಿ.

ಎಲ್ಲಾ ಒಟ್ಟಿಗೆ ತರಬೇಡಿ, ಅರ್ಧ ಬಾಟಲಿಗಳು ಫ್ರಿಜ್ ಬಾಗಿಲಲ್ಲೇ ಮುದಿಯಾಗುತ್ತೆ. ಮೊದ್ಲ ತಿಂಗಳು ಲೈಟ್ ಸೋಯಾ ಮತ್ತೆ ಎಳ್ಳೆಣ್ಣೆ, ಫ್ರೈಡ್ ರೈಸ್ ಕೈಗೆ ಹತ್ತಿದ ಮೇಲೆ ಫಿಶ್ ಸಾಸ್ ಅಥವಾ ಮಿಸೊ, ಆಮೇಲೆ ದೌಬಾನ್‌ಜಿಯಾಂಗ್. ಸೋಯಾ ಸಾಸ್ ತೆಗೆದ ಮೇಲೆ ಫ್ರಿಜ್ಜಲ್ಲಿಡಿ, ಹೊರಗಿದ್ರೆ ಕೆಡಲ್ಲ ಆದ್ರೆ ಬಣ್ಣ ಕಪ್ಪಾಗ್ತಾ ಘಮ ಹೋಗುತ್ತೆ. ಮಿಸೊ, ಪೇಸ್ಟುಗಳು ಕಡ್ಡಾಯವಾಗಿ ಫ್ರಿಜ್ಜಲ್ಲಿ, ಒದ್ದೆ ಚಮಚ ಹಾಕ್ಬೇಡಿ. ಫಿಶ್ ಸಾಸ್ ಮುಚ್ಚಳದ ಸುತ್ತ ಉಪ್ಪಿನ ಹರಳು ಕಟ್ಟಿದ್ರೆ ಒರೆಸಿ ಹಾಗೇ ಬಳಸಿ, ಏನೂ ಆಗಿರಲ್ಲ. ಉಳಿದ ಗ್ರೀನ್ ಕರಿ ಪೇಸ್ಟನ್ನ ಐಸ್ ಟ್ರೇಲಿ ಹಾಕಿ ಗಟ್ಟಿಯಾದ ಮೇಲೆ ಕವರಿಗೆ ಹಾಕಿ ಎರಡು ಪದರ ಗಂಟು ಕಟ್ಟಿಡಿ, ಇಲ್ಲಾಂದ್ರೆ ಪಕ್ಕದಲ್ಲಿರೋ ವೆನಿಲ್ಲಾ ಐಸ್‌ಕ್ರೀಮ್ ಕೂಡ ಸೀಗಡಿ ವಾಸನೆ ಬರುತ್ತೆ.